ಫ್ಯಾಟ್ ನೋಡದೆ ಹಾಲು ಕೊಳ್ಳುವ ಡೇರಿ

ಡೆಂಗಿ ಸೀಸನ್ ಶುರುವಾದರೆ ಬೆಂಗಳೂರಿನವರೆಲ್ಲ ರಕ್ತದ ಪಂಡಿತರಾಗಿಬಿಡ್ತಾರೆ. ಆಫೀಸಿನ ಲಿಫ್ಟಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ, ಪಿಜಿಯ ಊಟದ ಟೇಬಲ್ಲಿನಲ್ಲಿ ಒಂದೇ ಪ್ರಶ್ನೆ: 'ಕೌಂಟ್ ಎಷ್ಟು?' ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಆತಂಕ, ಐವತ್ತು ಸಾವಿರ ಅಂದ್ರೆ ಊರಿಗೆ ಫೋನು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತಲ್ಲ, ಆಗಂತೂ ನಮ್ಮ ಟೀಮಿನಲ್ಲಿ ಷೇರು ಮಾರ್ಕೆಟ್ಟಿಗಿಂತ ಹೆಚ್ಚಾಗಿ ಪ್ಲೇಟ್‌ಲೆಟ್ಟಿನ ಏರಿಳಿತದ ಬಗ್ಗೆ ಚರ್ಚೆ ನಡೆಯುತ್ತಿತ್ತು.

ಅದೇ ಜನ ಮಳೆಗಾಲ ಮುಗಿದ ಮೇಲೆ ಅದೇ ಪ್ಲೇಟ್‌ಲೆಟ್ಟನ್ನು ದುಡ್ಡು ಕೊಟ್ಟು ನೆತ್ತಿಗೋ ಮಂಡಿಗೋ ಚುಚ್ಚಿಸಿಕೊಳ್ಳಲು ಹೋಗ್ತಾರೆ. ಅಲ್ಲಿ ಮಾತ್ರ 'ಕೌಂಟ್ ಎಷ್ಟು' ಅಂತ ಒಬ್ಬರೂ ಕೇಳಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ. ಹೆಸರು ದೊಡ್ಡದು, ಕೆಲಸ ಸರಳ. ನಿಮ್ಮ ತೋಳಿನಿಂದ ಇಪ್ಪತ್ತು ಮೂವತ್ತು ಎಂಎಲ್ ರಕ್ತ ತೆಗೀತಾರೆ. ಹೆಪ್ಪುಗಟ್ಟದ ಹಾಗೆ ಔಷಧಿ ಬೆರೆಸಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸ್ತಾರೆ. ಭಾರದ ಕೆಂಪುಕಣ ತಳಕ್ಕೆ ಹೋಗುತ್ತೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತೆ, ನಡುವೆ ತೆಳ್ಳಗೆ ಬಿಳಿಕಣದ ಪದರ. ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಎತ್ತಿಕೊಂಡು, ಎಲ್ಲಿ ಬೇಕೋ ಅಲ್ಲಿಗೆ ಸಿರಿಂಜಿನಲ್ಲಿ ಹಾಕ್ತಾರೆ. ನಮ್ಮ ಅಜ್ಜಿಯರು ಮೊಸರು ಕಡೆದು ಬೆಣ್ಣೆ ತೆಗೆಯುತ್ತಿದ್ದರಲ್ಲ, ಹೆಚ್ಚೂಕಡಿಮೆ ಅದೇ ಲೆಕ್ಕ.

ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಗಾಯವಾದಾಗ ಪ್ಲೇಟ್‌ಲೆಟ್ಟುಗಳು ರಕ್ತ ನಿಲ್ಲಿಸುವುದಷ್ಟೇ ಅಲ್ಲ, ತಮ್ಮೊಳಗಿನ ಪುಟ್ಟ ಚೀಲಗಳನ್ನು ಒಡೆದು ಗ್ರೋತ್ ಫ್ಯಾಕ್ಟರ್ ಎನ್ನುವ ಪ್ರೋಟೀನುಗಳನ್ನು ಹೊರಗೆ ಬಿಡುತ್ತವೆ. ಅವು ಸುತ್ತಲಿನ ಜೀವಕೋಶಗಳಿಗೆ ಸಂದೇಶ ಕೊಡುತ್ತವೆ: ಇಲ್ಲಿ ಹಾನಿಯಾಗಿದೆ, ಬನ್ನಿ, ಬೆಳೆಯಿರಿ, ಹೊಸ ರಕ್ತನಾಳ ಎಳೆಯಿರಿ. ಸ್ಟಾನ್ಲಿ ಕೋಹೆನ್ ಎಂಬ ವಿಜ್ಞಾನಿ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಕೊಟ್ಟಾಗ ಅವು ಸಮಯಕ್ಕೆ ಮುಂಚೆಯೇ ಕಣ್ಣು ಬಿಟ್ಟವು. ಹಾಗೆ ಸಿಕ್ಕಿದ್ದೇ ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್. 1986ರಲ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಇಬ್ಬರಿಗೂ ನೊಬೆಲ್ ಬಂತು. ಹಾಗಾಗಿ ಪಿಆರ್‌ಪಿ ಬರೀ ಬೂದಿ ಬಡುಕರ ವಿದ್ಯೆ ಅಂತ ನಾನು ಹೇಳುತ್ತಿಲ್ಲ. ಮಾರುವ ರೀತಿ ಸರಿಯಿಲ್ಲ ಅಂತಿದ್ದೀನಿ.

ನಮ್ಮೂರು ಆವತಿ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ಸಿಗುತ್ತೆ. ವೀಕೆಂಡಿಗೆ ನಂದಿಬೆಟ್ಟಕ್ಕೆ ಹೋಗುವ ನೀವೆಲ್ಲ ಪಕ್ಕದಲ್ಲೇ ಹಾದುಹೋಗಿರ್ತೀರಿ, ಬೋರ್ಡ್ ನೋಡಿರಲ್ಲ ಅಷ್ಟೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದ ಮೂಲ ಈ ಆವತಿ ನಾಡಪ್ರಭುಗಳು ಅಂತ ಇತಿಹಾಸದ ಪುಸ್ತಕ ಹೇಳುತ್ತೆ. ಅದು ಇರಲಿ, ಈ ಲೇಖನಕ್ಕೆ ಬೇಕಾಗಿರೋದು ನಮ್ಮ ಕಡೆಯ ಹಾಲಿನ ಡೇರಿ.

ನಮ್ಮ ಸೀಮೆಯ ಯಾವ ಹಳ್ಳಿಯ ಡೇರಿಗೆ ಬೇಕಾದರೂ ಬೆಳಗ್ಗೆ ಆರೂವರೆಗೆ ಹೋಗಿ ನೋಡಿ. ಸೀಮೆಹಸು ಕಟ್ಟಿಕೊಂಡವರು ಕ್ಯಾನು ಹಿಡಿದು ಸಾಲಾಗಿ ನಿಂತಿರ್ತಾರೆ. ಸೆಕ್ರೆಟರಿಗೆ ಎಲ್ಲರೂ ಪರಿಚಯ, ಅರ್ಧ ಜನ ನೆಂಟರು. ಆದರೂ ಹಾಲು ಸುರಿಯುವ ಮುಂಚೆ ಸ್ಯಾಂಪಲ್ ತೆಗೆದು, ಡಿಗ್ರಿ ನೋಡಿ, ಫ್ಯಾಟ್ ನೋಡಿಯೇ ಬರೆದುಕೊಳ್ಳುವುದು. 'ನಮ್ಮದೇ ಹಸು, ನಮ್ಮದೇ ಹಾಲು, ಪ್ಯೂರ್ ನ್ಯಾಚುರಲ್' ಅಂತ ಹೇಳಿದರೆ ಅಲ್ಲಿ ನಗ್ತಾರೆ. ಹಾಲು ನಿಮ್ಮದೇ ಇರಬಹುದು ಕಣಪ್ಪ, ಫ್ಯಾಟ್ ಎಷ್ಟು ಹೇಳು. ಲೀಟರಿಗೆ ಕೆಲವೇ ಹತ್ತು ರೂಪಾಯಿಯ ವ್ಯವಹಾರಕ್ಕೆ ಇಷ್ಟು ಶಿಸ್ತು ಇದೆ. ಹೈಸ್ಕೂಲು ದಾಟದವರೂ ತಮ್ಮ ಹಾಲಿನ ಫ್ಯಾಟನ್ನು ದಶಾಂಶದ ಲೆಕ್ಕದಲ್ಲಿ ಹೇಳ್ತಾರೆ, ಕಮ್ಮಿ ಬಂದರೆ ಮತ್ತೊಮ್ಮೆ ನೋಡು ಅಂತ ಜಗಳ ಆಡ್ತಾರೆ.

ಈಗ ಅದೇ ಬಳ್ಳಾರಿ ರಸ್ತೆಯಲ್ಲಿ ಬೆಂಗಳೂರಿನ ಕಡೆ ಬನ್ನಿ. ಎಸಿ ಹಾಕಿದ ಕ್ಲಿನಿಕ್ಕು, ಗಾಜಿನ ಬಾಗಿಲು, ಕಾಫಿ ಮೆಷೀನು. ಅಮ್ಮನ ಮಂಡಿ ನೋವಿಗೆ ಅಂತ ಅಂಥದ್ದೊಂದು ಕಡೆ ಕರೆದುಕೊಂಡು ಹೋಗಿದ್ದೆ. ಮೂವತ್ತು ವರ್ಷ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ಕುಕ್ಕರಗಾಲಲ್ಲಿ ಕೂತು ಹುಳ ಸಾಕಿದ ಮಂಡಿ ಅದು. ಮೂರು ಇಂಜೆಕ್ಷನ್ನಿನ ಪ್ಯಾಕೇಜು ನಲವತ್ತು ಸಾವಿರ, ಇಎಂಐ ಉಂಟು ಅಂದರು. ನಾನು ಎರಡೇ ಪ್ರಶ್ನೆ ಕೇಳಿದೆ. ಕೊನೆಗೆ ಸಿರಿಂಜಿನಲ್ಲಿ ಇರುವ ಪ್ಲೇಟ್‌ಲೆಟ್ ಕೌಂಟ್ ಎಷ್ಟಿರುತ್ತೆ? ಬಿಳಿರಕ್ತಕಣ ಇಟ್ಟುಕೊಳ್ತೀರೋ ತೆಗೀತೀರೋ? ಎದುರು ಕೂತಿದ್ದ 'ಕೌನ್ಸೆಲರ್' ನಕ್ಕು ಹೇಳಿದ್ದು: 'ಸರ್, ಟೆನ್ಷನ್ ಬೇಡ, ಇದು ಕಂಪ್ಲೀಟ್ ನ್ಯಾಚುರಲ್, ನಿಮ್ಮ ತಾಯಿಯವರದೇ ಬ್ಲಡ್ ಅಲ್ವಾ?' ಅಮ್ಮ ಮಾತ್ರ ನೆಟ್ಟಗೆ ಕೇಳಿದಳು: 'ನನ್ ರಕ್ತ ನಂಗೇ ಹಾಕಕ್ಕೆ ಇಷ್ಟ್ ದುಡ್ಡಾ?' ಅದಕ್ಕೆ ಉತ್ತರ ಬರಲಿಲ್ಲ. ನಾವು ಎದ್ದು ಬಂದೆವು.

ಈ ಕೌಂಟ್ ಯಾಕೆ ಅಷ್ಟು ಮುಖ್ಯ? ಒಬ್ಬೊಬ್ಬರ ರಕ್ತದಲ್ಲಿ ಪ್ಲೇಟ್‌ಲೆಟ್ ಒಂದೊಂದು ಪ್ರಮಾಣದಲ್ಲಿರುತ್ತೆ. ಒಂದು ಮೈಕ್ರೋಲೀಟರಿಗೆ ಒಂದೂವರೆ ಲಕ್ಷವೂ ನಾರ್ಮಲ್, ನಾಲ್ಕೂವರೆ ಲಕ್ಷವೂ ನಾರ್ಮಲ್. ಯಂತ್ರ ಎಷ್ಟು ಜೋರಾಗಿ ತಿರುಗಿತು, ಎಷ್ಟು ಹೊತ್ತು ತಿರುಗಿತು, ಒಂದು ಸಲವೋ ಎರಡು ಸಲವೋ, ಟೆಕ್ನಿಷಿಯನ್ ಯಾವ ಪದರ ಎತ್ತಿದ, ಇದೆಲ್ಲದರ ಮೇಲೆ ಕೊನೆಯ ಸರಕು ನಿಂತಿದೆ. ಒಂದು ಕಡೆ ಐದು ಪಟ್ಟು ಗಟ್ಟಿಯಾಗಿರಬಹುದು, ಇನ್ನೊಂದು ಕಡೆ ನಿಮ್ಮ ಮಾಮೂಲಿ ರಕ್ತಕ್ಕಿಂತ ಸ್ವಲ್ಪ ಮೇಲೆ. ಎರಡಕ್ಕೂ ಹೆಸರು ಪಿಆರ್‌ಪಿ, ಎರಡಕ್ಕೂ ಬಿಲ್ ಒಂದೇ ಥರ. ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳೋದಾದ್ರೆ, ಫೈಲಿನ ಹೆಸರು ಒಂದೇ, ಒಳಗಿನ ಕೋಡು ಬೇರೆ ಬೇರೆ, ವರ್ಷನ್ ನಂಬರೂ ಇಲ್ಲ, ಟೆಸ್ಟ್ ರಿಪೋರ್ಟೂ ಇಲ್ಲ. ಇಂಥ ಬಿಲ್ಡನ್ನು ಪ್ರೊಡಕ್ಷನ್ನಿಗೆ ಬಿಟ್ಟರೆ ನಿಮ್ಮ ಮ್ಯಾನೇಜರ್ ಸುಮ್ಮನಿರ್ತಾರಾ? ಮಂಡಿಗೆ ಮಾತ್ರ ಬಿಡಬಹುದಾ?

ಇದು ನನ್ನೊಬ್ಬನ ಕೊಂಕಲ್ಲ. ಅಮೆರಿಕದ ಕೀಲುವಾತ ತಜ್ಞರ ಸಂಘ, ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ, 2019ರ ಮಾರ್ಗಸೂಚಿಯಲ್ಲಿ ಮಂಡಿ ಮತ್ತು ಸೊಂಟದ ಕೀಲುಸವೆತಕ್ಕೆ ಪಿಆರ್‌ಪಿ ಬೇಡ ಅಂತ ಬಲವಾಗಿಯೇ ಹೇಳಿತು. ಕೊಟ್ಟ ಕಾರಣ ಗಮನಿಸಿ: ತಯಾರಿಕೆಯಲ್ಲಿ ಏಕರೂಪತೆ ಇಲ್ಲ, ಚುಚ್ಚುತ್ತಿರುವುದು ನಿಖರವಾಗಿ ಏನು ಅನ್ನೋದೇ ತಿಳಿಯುವುದು ಕಷ್ಟ. ಡೇರಿ ಭಾಷೆಯಲ್ಲಿ ಹೇಳಿದರೆ, ಫ್ಯಾಟ್ ಗೊತ್ತಿಲ್ಲ.

ಇನ್ನು ಫಲಿತಾಂಶಕ್ಕೆ ಬನ್ನಿ. 2021ರ ನವೆಂಬರಿನಲ್ಲಿ ಜಾಮಾ ವೈದ್ಯ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಒಂದು ದೊಡ್ಡ ಪ್ರಯೋಗ ಬಂತು. ಮಂಡಿ ಸವೆತದ 288 ಜನ. ಅರ್ಧ ಜನಕ್ಕೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ ಇಂಜೆಕ್ಷನ್, ಉಳಿದರ್ಧಕ್ಕೆ ಮೂರು ಉಪ್ಪುನೀರಿನ, ಅಂದರೆ ಸಲೈನ್, ಇಂಜೆಕ್ಷನ್. ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿಲ್ಲ. ಒಂದು ವರ್ಷದ ನಂತರ ಹತ್ತು ಅಂಕದ ನೋವಿನ ಅಳತೆಯಲ್ಲಿ ಪಿಆರ್‌ಪಿಯವರ ನೋವು 2.1ರಷ್ಟು ಇಳಿದಿತ್ತು. ಉಪ್ಪುನೀರಿನವರದು 1.8. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಅಲ್ಲ. ಸವೆಯುವ ಮೃದ್ವಸ್ಥಿಯನ್ನು ಎಂಆರ್‌ಐ ಮಾಡಿ ಅಳೆದರೂ ಅಷ್ಟೆ. ಇಲ್ಲಿ ಪಾಠ ಏನಪ್ಪಾ ಅಂದ್ರೆ, ಪಕ್ಕದ ಮನೆ ಆಂಟಿಗೆ ಪಿಆರ್‌ಪಿಯಿಂದ ಗುಣವಾಯಿತು ಅನ್ನೋದು ಸುಳ್ಳಲ್ಲ. ಉಪ್ಪುನೀರು ಚುಚ್ಚಿದ್ದರೂ ಅವರಿಗೆ ಹೆಚ್ಚೂಕಡಿಮೆ ಅಷ್ಟೇ ಗುಣವಾಗುತ್ತಿತ್ತೇನೋ ಅನ್ನೋದೇ ಪ್ರಶ್ನೆ.

ಆಟಗಾರರ ಕಥೆ ಹೇಳುವವರಿದ್ದಾರೆ. ನಡಾಲ್ ತಗೊಂಡ್ರು, ಟೈಗರ್ ವುಡ್ಸ್ ತಗೊಂಡ್ರು. ತಗೊಂಡಿದ್ದು ನಿಜ. ತೊಡೆಯ ಹಿಂಬದಿಯ ಸ್ನಾಯು ಎಳೆದುಕೊಂಡ 80 ಕ್ರೀಡಾಪಟುಗಳ ಮೇಲೆ ಡಚ್ಚರು ಪ್ರಯೋಗ ಮಾಡಿ 2014ರಲ್ಲಿ ವರದಿ ಕೊಟ್ಟರು. ಮೈದಾನಕ್ಕೆ ಮರಳಲು ಪಿಆರ್‌ಪಿ ಗುಂಪಿಗೆ ಬೇಕಾದ ಮಧ್ಯಕ ಅವಧಿ 42 ದಿನ, ಉಪ್ಪುನೀರಿನ ಗುಂಪಿಗೂ 42 ದಿನ. ಪೋಸ್ಟರಿನಲ್ಲಿ ನಡಾಲ್ ಇರ್ತಾರೆ, ಈ 42 ಇರಲ್ಲ.

ಪಿಆರ್‌ಪಿ ಪರ ಇರುವ ವೈದ್ಯರ ಒಂದು ವಾದಕ್ಕೆ ಮಾತ್ರ ನಾನು ಗೌರವ ಕೊಡ್ತೀನಿ. ಆಸ್ಟ್ರೇಲಿಯಾದವರು ಬಳಸಿದ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್ ಸಾಂದ್ರತೆ ಕಡಿಮೆಯಿತ್ತು, ಡೋಸ್ ಸರಿಯಿದ್ದರೆ ಫಲ ಸಿಗುತ್ತೆ ಅಂತಾರೆ. ನಮ್ಮ ದೇಶದಲ್ಲೇ ಚಂಡೀಗಢದ ಪಿಜಿಐ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಎರಡೂ ಮಂಡಿ ನೋವಿದ್ದ 78 ಜನ, ಸುಮಾರು ಮೂರು ಪಟ್ಟು ಸಾಂದ್ರತೆ, ಬಿಳಿಕಣ ಸೋಸಿ ತೆಗೆದ ಪಿಆರ್‌ಪಿ. ಆರು ತಿಂಗಳ ಮಟ್ಟಿಗೆ ಉಪ್ಪುನೀರಿಗಿಂತ ಚೆನ್ನಾಗಿಯೇ ಕೆಲಸ ಮಾಡಿತು. ಒಪ್ಪಿದೆ. ಆದರೆ ಸ್ವಾಮಿ, ಎಲ್ಲಾ ಡೋಸಿನ ಮೇಲೇ ನಿಂತಿದೆ ಅಂತ ನೀವೇ ಹೇಳ್ತೀರಿ, ಹಾಗಿದ್ದ ಮೇಲೆ ಡೋಸ್ ಬರೆಯದೆ ಬಿಲ್ ಮಾಡುವುದು ಹೇಗೆ? ಈ ವಾದ ಅಳೆಯದ ಕ್ಲಿನಿಕ್ಕನ್ನು ಬಚಾವ್ ಮಾಡಲ್ಲ, ಇನ್ನೂ ಸಿಕ್ಕಿಹಾಕಿಸುತ್ತೆ.

ಕೂದಲಿನ ಕಥೆಯೂ ಹೀಗೇ. ಸಣ್ಣ ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಆಸೆ ಹುಟ್ಟಿಸುವ ಫಲಿತಾಂಶ ಇದೆ, ಆದರೆ ಒಬ್ಬೊಬ್ಬರದು ಒಂದೊಂದು ರೆಸಿಪಿ. ಅಷ್ಟರೊಳಗೆ ಮಾರ್ಕೆಟ್ಟು ಮುಂದಕ್ಕೆ ಹೋಗಿದೆ: 'ಪಿಆರ್‌ಪಿ ಹಳೇದಾಯ್ತು ಸರ್, ಈಗ ಜಿಎಫ್‌ಸಿ, ಡೈರೆಕ್ಟ್ ಗ್ರೋತ್ ಫ್ಯಾಕ್ಟರ್.' ಎಷ್ಟು ಗ್ರೋತ್ ಫ್ಯಾಕ್ಟರ್ ಅಂದರೆ ಮತ್ತದೇ ನಗು. ಮೊದಲ ವರ್ಷನ್ನನ್ನೇ ಅಳೆದಿಲ್ಲ, ಎರಡನೆಯದು ಹೇಗೆ ಮೇಲು ಅಂತ ಯಾರಿಗೆ ಗೊತ್ತು?

'ನಮ್ಮದೇ ರಕ್ತ, ಹಾಗಾಗಿ ಅಪಾಯವಿಲ್ಲ' ಅನ್ನೋ ಮಾತೂ ಪೂರ್ತಿ ನಿಜವಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸಿಲ್ಲದ ಒಂದು ಸ್ಪಾ ಮುಖಕ್ಕೆ ಪಿಆರ್‌ಪಿ ಮಾಡುತ್ತಿತ್ತು, 'ವ್ಯಾಂಪೈರ್ ಫೇಶಿಯಲ್' ಅಂತ. 2018ರಲ್ಲಿ ಅದನ್ನು ಮುಚ್ಚಿಸಿದರು. ಅಲ್ಲಿಗೆ ಹೋದ ಮಹಿಳೆಯರಿಗೆ ಎಚ್‌ಐವಿ ಬಂದದ್ದು ಆ ಫೇಶಿಯಲ್ಲಿನಿಂದಲೇ ಇರಬೇಕು ಅಂತ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ರಕ್ತ ನಿಮ್ಮದೇ, ಸೂಜಿ ಯಾರದು? ಟ್ಯೂಬಿನ ಮೇಲೆ ಹೆಸರು ಬರೆದಿದ್ದಾರಾ? ಹಾಲಿನ ಕ್ಯಾನಿಗೂ ನಮ್ಮ ಕಡೆ ನಂಬರ್ ಇರುತ್ತೆ.

ಗ್ರೋತ್ ಫ್ಯಾಕ್ಟರನ್ನು ಅಳೆದು ಮಾರುವುದು ಸಾಧ್ಯವೇ ಇಲ್ಲ ಅಂತಲ್ಲ. ಬೆಕಾಪ್ಲರ್ಮಿನ್ ಎನ್ನುವ ಜೆಲ್ ಇದೆ. ಪ್ಲೇಟ್‌ಲೆಟ್ಟಿನಲ್ಲಿ ಇರುವಂಥದ್ದೇ ಒಂದು ಗ್ರೋತ್ ಫ್ಯಾಕ್ಟರನ್ನು ಕಾರ್ಖಾನೆಯಲ್ಲಿ ತಯಾರಿಸಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚಲು 1997ರಲ್ಲೇ ಅಮೆರಿಕದಲ್ಲಿ ಅನುಮತಿ ಕೊಟ್ಟರು. ಟ್ಯೂಬಿನ ಮೇಲೆ 0.01% ಅಂತ ಅಚ್ಚಾಗಿರುತ್ತೆ. ಹೆಚ್ಚು ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರ್ ಸಾವಿನ ಅನುಮಾನ ಬಂದಾಗ 2008ರಲ್ಲಿ ಡಬ್ಬಿಯ ಮೇಲೆ ಕಠಿಣ ಎಚ್ಚರಿಕೆ ಹಾಕಿಸಿದರು. ಮುಂದೆ ಮಾಹಿತಿ ನೋಡಿ 2018ರಲ್ಲಿ ಅದನ್ನು ತೆಗೆಸಿದರು. ನಮ್ಮಲ್ಲೂ ಹೈದರಾಬಾದಿನ ಭಾರತ್ ಬಯೋಟೆಕ್ ಇಜಿಎಫ್ ಜೆಲ್ ಮಾಡಿ ಮಾರುತ್ತಿದೆ. ಎಷ್ಟಿದೆ ಅಂತ ಬರೆದಿದ್ದರಿಂದಲೇ ಅನುಮಾನ ಪಡಲು, ಪರೀಕ್ಷಿಸಲು, ತಿದ್ದಲು ಆಯಿತು. ಲೆಕ್ಕ ಇಲ್ಲದ ಕಡೆ ಗುಣವಾದರೂ ಗೊತ್ತಾಗಲ್ಲ, ಹಾನಿಯಾದರೂ ಗೊತ್ತಾಗಲ್ಲ.

ನಿಜವಾಗಿ ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಈ ವಿದ್ಯೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಗೆ ಹೋಗಿಲ್ಲ.

ಬೆಂಗಳೂರು ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದ ವೈದ್ಯರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾಸಿಯಾಗದೆ ಉಳಿದಿದ್ದ ಕಾಲಿನ ಹುಣ್ಣುಗಳ 24 ರೋಗಿಗಳು, ಒಟ್ಟು 33 ಹುಣ್ಣು. ವಾರಕ್ಕೊಮ್ಮೆ ಪಿಆರ್‌ಪಿ, ಹೆಚ್ಚೆಂದರೆ ಆರು ಸಲ. 33ರಲ್ಲಿ 25 ಹುಣ್ಣು ಪೂರ್ತಿ ಮಾಯ್ದವು, ಸರಾಸರಿ ಐದೂವರೆ ವಾರದ ಆಸುಪಾಸಿನಲ್ಲಿ. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಇದೇ ಕೊನೆಯ ಮಾತಲ್ಲ. ಕೊಕ್ರೇನ್ ಸಂಸ್ಥೆ 2016ರಲ್ಲಿ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ನೋಡಿ, ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಉಪಯೋಗ ಆಗಬಹುದು, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಅಂತಲೇ ಹೇಳಿತು. ಹಾಗಿದ್ದೂ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2021ರಿಂದ ಈ ಹುಣ್ಣುಗಳಿಗೆ 20 ವಾರದವರೆಗೆ ಪಿಆರ್‌ಪಿ ಖರ್ಚು ಕೊಡುತ್ತಿದೆ. ಅಂದರೆ ಮಂಡಿಗಿಂತ, ತಲೆಗಿಂತ, ಕಾಲಿನ ಹುಣ್ಣಿನ ವಾದ ಗಟ್ಟಿ. ಬೇಕಾದ ಸಾಮಾನೂ ಕಮ್ಮಿ. ಒಂದು ಸೆಂಟ್ರಿಫ್ಯೂಜು, ಸ್ಟೆರೈಲ್ ಟ್ಯೂಬು, ಕೈ ಪಳಗಿದ ಒಬ್ಬ ಟೆಕ್ನಿಷಿಯನ್ನು.

ಐಸಿಎಂಆರ್ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ನಮ್ಮೂರುಗಳಲ್ಲಿ ಇವರು ಬರಿಗಾಲಲ್ಲಿ ದ್ರಾಕ್ಷಿ ತೋಟಕ್ಕೆ, ಗುಲಾಬಿ ತೋಟಕ್ಕೆ ಹೋಗ್ತಾರೆ. ನರ ಸತ್ತ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ನಮ್ಮ ದೊಡ್ಡಪ್ಪನಿಗೆ ಆಗಿದ್ದು ಇದೇ. ಮೂರು ತಿಂಗಳು ಅರಿಶಿನ ಮೆತ್ತಿಕೊಂಡು ಓಡಾಡಿದರು. ಯಾಕೆ ದೊಡ್ಡಪ್ಪ ಹೇಳಲಿಲ್ಲ ಅಂದರೆ, 'ನೋವೇ ಇರ್ನಿಲ್ಲ ಕಣೋ, ಏನಂತ ಹೇಳ್ಲಿ?' ಅಂದರು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಪಿಆರ್‌ಪಿ ಇದ್ದಿದ್ದರೆ ಬೆರಳು ಉಳೀತಿತ್ತು ಅಂತ ನಾನು ಹೇಳಲ್ಲ. ಅದಕ್ಕೂ ಮುಂಚೆ ಸಕ್ಕರೆ ಹತೋಟಿ, ಕೀವು ತೆಗೆಯುವುದು, ಕಾಲಿಗೆ ರಕ್ತ ಹರಿಯುತ್ತಿದೆಯಾ ಅಂತ ನೋಡುವುದು, ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಮಾಡುವುದು, ಇವೆಲ್ಲ ಆಗಬೇಕು. ಪಿಆರ್‌ಪಿ ಆಮೇಲಿನ ಮೆಟ್ಟಿಲು. ಆದರೆ ಆ ಮೆಟ್ಟಿಲೇ ದೊಡ್ಡಪ್ಪನಿಗೆ ಯಾರೂ ತೋರಿಸಲಿಲ್ಲ. ಅವರ ಊರಿನಿಂದ ಗಂಟೆ ದೂರದಲ್ಲಿ ಇಪ್ಪತ್ತೆಂಟು ವರ್ಷದ ಹುಡುಗರು ಹಣೆಯ ಮೇಲಿನ ಎರಡು ಇಂಚಿಗೆ ಅದೇ ಯಂತ್ರ ತಿರುಗಿಸುತ್ತಿದ್ದರು.

ಕೂದಲಿನ ಚಿಂತೆ ತಪ್ಪಲ್ಲ, ನನ್ನದೂ ಉದುರುತ್ತಿದೆ. ಆದರೆ ಉದುರುವ ಕೂದಲಿಗೆ ಕ್ರೆಡಿಟ್ ಕಾರ್ಡ್ ಇದೆ, ಹುಣ್ಣಾದ ಕಾಲಿಗೆ ಇಲ್ಲ. ಯಂತ್ರ ದುಡ್ಡಿರುವ ಕಡೆಗೆ ತಿರುಗುತ್ತಿದೆ, ಗಾಯ ಇರುವ ಕಡೆಗಲ್ಲ. ಇದನ್ನು ತಿರುಗಿಸೋದು ಮಾರ್ಕೆಟ್ಟಿನ ಕೈಲಿ ಆಗಲ್ಲ, ಸರ್ಕಾರವೇ ಮಾಡಬೇಕು. ದೇವನಹಳ್ಳಿಯಂಥ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕಾಲಿನ ಹುಣ್ಣಿಗಾಗಿಯೇ ಇರಲಿ. ಪಾದದ ಸ್ಪರ್ಶ ಪರೀಕ್ಷೆ, ಸಕ್ಕರೆ, ಡ್ರೆಸ್ಸಿಂಗ್, ಸರಿಯಾದ ಚಪ್ಪಲಿ. ಇಷ್ಟಾದ ಮೇಲೂ ಮಾಯದ ಹುಣ್ಣಿಗೆ ಪಿಆರ್‌ಪಿ. ಪ್ರತಿ ಸಲವೂ ಕೌಂಟ್ ಬರೆದಿಡಲಿ, ಪಿಆರ್‌ಪಿ ಇಲ್ಲದೆ ಬರೀ ಡ್ರೆಸ್ಸಿಂಗ್ ಪಡೆದವರ ಜೊತೆ ಹೋಲಿಸಿ ಫಲಿತಾಂಶ ಪ್ರಕಟಿಸಲಿ. ಉಪಯೋಗವಿಲ್ಲ ಅಂತ ಬಂದರೆ ನಿಲ್ಲಿಸಲಿ, ಅದೂ ಒಂದು ಉತ್ತರವೇ.

'ನೀನೇನು ಡಾಕ್ಟರಾ?' ಅಂತ ಕೇಳುವವರಿಗೆ: ಅಲ್ಲ, ಬಿ.ಇ. ಓದಿದ ಸಾಫ್ಟ್‌ವೇರ್‌ನವನು. ಹಾಲಿನ ಫ್ಯಾಟ್ ಕೇಳಲು ಪಶುವೈದ್ಯ ಆಗಬೇಕಿಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್ಕುಗಳು ದರಪಟ್ಟಿ ಹಾಕಬೇಕು. ರೇಟ್ ಗೊತ್ತಾದರೆ ಸಾಲದು, ಸರಕೂ ಗೊತ್ತಾಗಬೇಕು. ಆದ್ದರಿಂದ ಪಿಆರ್‌ಪಿ ಮಾಡಿಸಲೇಬೇಕು ಅಂದುಕೊಂಡವರು ಬರವಣಿಗೆಯಲ್ಲಿ ನಾಲ್ಕು ವಿಷಯ ಕೇಳಿ: ನನ್ನ ರಕ್ತದಲ್ಲಿ ಕೌಂಟ್ ಎಷ್ಟಿತ್ತು, ಸಿರಿಂಜಿನಲ್ಲಿ ಎಷ್ಟಾಯಿತು, ಎಷ್ಟು ಎಂಎಲ್ ಹಾಕಿದಿರಿ, ಬಿಳಿಕಣ ಇಟ್ಟಿರೋ ತೆಗೆದಿರೋ. ಡೆಂಗಿಗೆ ಕೌಂಟ್ ನೋಡುವ ಯಂತ್ರಕ್ಕೇ ಸ್ವಲ್ಪ ಸ್ಯಾಂಪಲ್ ಕೊಟ್ಟರೆ ಅಂದಾಜು ಸಿಗುತ್ತೆ. ನಲವತ್ತು ಸಾವಿರದ ಪ್ಯಾಕೇಜಿನಲ್ಲಿ ಅದೇನು ದೊಡ್ಡ ಖರ್ಚಲ್ಲ. 'ಉಪ್ಪುನೀರಿಗಿಂತ ಇದು ಎಷ್ಟು ಮೇಲು?' ಅಂತಲೂ ಕೇಳಿ. ಒಳ್ಳೆಯ ವೈದ್ಯರು ಕೂರಿಸಿಕೊಂಡು ಹೇಳ್ತಾರೆ, ಅಂಥವರೂ ಇದ್ದಾರೆ. ಹೇಳದ ಕಡೆ ತೋಳು ಚಾಚಬೇಡಿ.

ಇನ್ನೊಂದು ಕೆಲಸಕ್ಕೆ ಯಾವ ಯಂತ್ರವೂ ಬೇಡ. ಈ ಸಲ ಊರಿಗೆ ಹೋದಾಗ, ಸಕ್ಕರೆ ಕಾಯಿಲೆ ಇರುವ ನಿಮ್ಮ ಮನೆಯ ಹಿರಿಯರ ಅಂಗಾಲು ಎತ್ತಿ ನೋಡಿ. ಅವರು ನಾಚಿಕೊಳ್ತಾರೆ, 'ಬಿಡು ಮಗ, ಏನಿಲ್ಲ' ಅಂತಾರೆ. ಬಿಡಬೇಡಿ, ನೋಡಿ.